ನೀಲಾಬಾಯಿ ಅತ್ತೆಯ ‘ಯಾಕ?’

ಮನೆಯಲ್ಲಿ ಕೂಸು ತೀರಿಕೊಂಡಾಗ ‘ಯಾಕೆ ಹೀಗಾಯಿತು’ ಎಂದು ಕೇಳದವರನ್ನು ನಾನು ಕಂಡಿಲ್ಲ; ಆದರೆ ಹೆತ್ತ ಮಕ್ಕಳೆಲ್ಲ ಬದುಕಿ, ಗಟ್ಟಿಮುಟ್ಟಾಗಿ ಅಂಗಳದಲ್ಲಿ ಕುಣಿಯುತ್ತಿರುವಾಗ, ಅವರನ್ನೇ ನೋಡುತ್ತ, ಒಗಟಿಗೆ ಉತ್ತರ ಸಿಗದವಳಂತೆ ಹುಬ್ಬು ಗಂಟಿಕ್ಕಿ, ‘ಇವು ಯಾಕ ಬದುಕಿದವು?’ ಎಂದು ಕೇಳಿದ ತಾಯಿಯನ್ನು ಒಬ್ಬಳನ್ನೇ ಕಂಡಿದ್ದೇನೆ. ಆಕೆ ನನ್ನ ಸೋದರತ್ತೆ, ಸುಲೇಪೇಟದಲ್ಲಿ ಬಟ್ಟೆಯ ಅಂಗಡಿ ಇಟ್ಟಿದ್ದ ಕಲ್ಯಾಣಪ್ಪನವರ ಹೆಂಡತಿ ನೀಲಾಬಾಯಿ. ಈ ಪ್ರಶ್ನೆ ಕಿವಿಗೆ ಬಿದ್ದರೆ ಓಣಿಯ ಹೆಂಗಸರು ಗಾಬರಿಯಾಗಿ ಮಕ್ಕಳ ಮುಖದ ಮುಂದೆ ಕೈಯಾಡಿಸಿ ಲಟಿಕೆ ಮುರಿಯುತ್ತಿದ್ದರು. ‘ಬಾಯಿ ತೊಳಕೋ ನೀಲವ್ವ, ನಿನ್ನ ಮಕ್ಕಳಿಗಿ ನಿನ್ನ ದೃಷ್ಟಿನೇ ಹತ್ತತದ’ ಎನ್ನುತ್ತಿದ್ದರು. ಅತ್ತೆ ತಲೆಯನ್ನು ಒಂದು ಕಡೆ ವಾಲಿಸಿ, ಅದನ್ನೂ ಯೋಚಿಸಿ, ‘ದೃಷ್ಟಿ ಹತ್ತದು ಖರೇ ಏನು? ಹ್ಯಾಂಗ ಹತ್ತತದ?’ ಎಂದು ಮರಳಿ ಕೇಳುತ್ತಿದ್ದಳು.

ಊರಿನವರು ಆಕೆಗೆ ಇಟ್ಟ ಹೆಸರು ಕೋಟಿನ ನೀಲವ್ವ. ಮಾವ ಕಲ್ಯಾಣಪ್ಪನವರು ತೊಟ್ಟು ಮೊಣಕೈ ಸವೆಯಿಸಿ ಬಿಟ್ಟ ಕರಿಯ ಉಣ್ಣೆಯ ಕೋಟೊಂದನ್ನು ಆಕೆ ಸೀರೆಯ ಮೇಲೆ ತೊಟ್ಟು, ತಲೆಯ ತುಂಬ ಸೆರಗು ಹೊದ್ದು, ಸೇಡಮ್ಮಿನ ಬಿಸಿಲಿಗೂ ಅಂಜದೆ ತಿರುಗುತ್ತಿದ್ದಳು. ಕೋಟಿನ ಮೋಹ ಚಳಿಗಾಗಿ ಅಲ್ಲ, ಜೇಬಿಗಾಗಿ. ‘ಗಂಡಸರ ಅಂಗಿಗಿ ನಾಕ್ ಕಡಿ ಜೇಬು ಹೊಲೀತಾರ, ಹೆಂಗಸರ ಸೀರಿಗಿ ಒಂದೂ ಯಾಕಿಲ್ಲ?’ ಎಂದು ತನ್ನ ಗಂಡನ ಅಂಗಡಿಯ ಕಟ್ಟೆಯ ಮೇಲೆ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಅಬ್ದುಲ್ ಕರೀಮನನ್ನು ಪೀಡಿಸಿ, ಕೊನೆಗೆ ಆ ಕೋಟನ್ನೇ ಎತ್ತಿಕೊಂಡವಳು ಆಕೆ. ಆ ಜೇಬುಗಳಲ್ಲಿ ತೊಳೆದು ತೊಳೆದು ಮೆತ್ತಗಾದ ಹಳೆಯ ಧೋತರದ ತುಂಡುಗಳು, ಬಾಣಂತಿಯರಿಗೆ ಕೊಡುವ ಅಳವಿ ಬೀಜ ಒಂದು ಹಿಡಿ, ಒಣಶುಂಠಿ, ಯಾರೋ ಕೊಟ್ಟ ಹೆಸರು ಗೊತ್ತಿಲ್ಲದ ಬೇರು ಇರುತ್ತಿದ್ದವು. ಆಕೆ ಸೂಲಗಿತ್ತಿಯಲ್ಲ, ನಾಟಿ ವೈದ್ಯೆಯೂ ಅಲ್ಲ. ದಿನ ತುಂಬಿದ ಬಸುರಿ ಯಾವ ಮನೆಯಲ್ಲಿದ್ದರೂ ಅಲ್ಲಿಗೆ ಹೋಗಿ ಮಗ್ಗುಲಲ್ಲಿ ಕುಳಿತು ಪ್ರಶ್ನೆ ಕೇಳುವುದಷ್ಟೇ ಆಕೆಯ ಕೆಲಸ. ಬೋಧಿಸುವವರಿಂದ ಬೇಸತ್ತ ಬಸುರಿಯರಿಗೆ ಕೇಳುವವಳೊಬ್ಬಳು ಸಿಕ್ಕಿದ್ದೇ ದೊಡ್ಡದಾಗಿ, ಅವರು ಆಕೆಯನ್ನು ತಾವಾಗಿಯೇ ಕರೆಸಿಕೊಳ್ಳುತ್ತಿದ್ದರು.

ಆಕೆಯ ನಡಿಗೆಯೂ ಪ್ರಶ್ನೆಯಂತೆಯೇ ಇತ್ತು: ನಾಲ್ಕು ಹೆಜ್ಜೆ ಹೋಗಿ ನಿಲ್ಲುವುದು, ಏನನ್ನೋ ನೋಡುವುದು, ಮತ್ತೆ ಹೊರಡುವುದು. ಮಾವ ಸದಾ ಮುಂದೆ ಹೋಗಿ ಗಿಡದ ನೆರಳಲ್ಲಿ ಕಾಯುತ್ತಿದ್ದರು. ಒಮ್ಮೆ ವಾಡಿಯ ಜಂಕ್ಷನ್ನಿನಲ್ಲಿ ಗಾಡಿ ಬದಲಿಸಬೇಕಾಗಿತ್ತು. ಶಹಾಬಾದಿನ ಕಲ್ಲಿನ ಖಣಿಗೆ ಹೊರಟ ಕೂಲಿ ಹೆಂಗಸೊಬ್ಬಳು ಎಳೆಗೂಸಿಗೆ ಹಾಲೂಡಿಸುತ್ತ ಕುಳಿತದ್ದನ್ನು ಕಂಡು ಅತ್ತೆ ಅವಳ ಮುಂದೆ ಕುಕ್ಕರಿಸಿದಳು. ಹಡೆದ ಮೇಲೆ ಯಾವಾಗ ಕೆಲಸಕ್ಕೆ ಹೋದಿ, ಮೊದಲು ಏನು ಕುಡಿಸಿದಿ, ಎದೆ ಕಟ್ಟಿಕೊಂಡಿತ್ತೇ ಎಂದು ವಿಚಾರಿಸುವುದರೊಳಗೆ ಗಾಡಿ ಸಿಳ್ಳು ಹಾಕಿ ಹೊರಟೇಹೋಯಿತು. ‘ಗಾಡಿ ಹೋತಲ್ಲ!’ ಎಂದು ಮಾವ ತಲೆಯ ಮೇಲೆ ಕೈ ಇಟ್ಟುಕೊಂಡರೆ, ಅತ್ತೆಯ ಉತ್ತರ: ‘ಗಾಡಿ ಇನ್ನೊಂದು ಬರ್ತದರಿ. ಆ ಹೆಣ್ಮಗಳು ಮತ್ತ ಸಿಗ್ತಾಳೇನು?’

ಇಷ್ಟೆಲ್ಲ ಕುತೂಹಲದ ಬೇರು ಆಕೆಯ ಮೊದಲ ಹೆರಿಗೆಯಲ್ಲಿತ್ತು. ಚೊಚ್ಚಲಿಗೆಂದು ಗುಂಡಗುರ್ತಿಯ ತವರಿಗೆ, ಅಂದರೆ ನಮ್ಮ ಮನೆಗೆ, ಬರುವಾಗ, ಹೊರಡುವುದು ತಡವಾಗಿ, ದಾರಿಯ ಬೇವಿನ ಗಿಡದ ಕೆಳಗೆ ಬಂಡಿಯಲ್ಲೇ ಹೆರಿಗೆಯಾಯಿತು. ಜೊತೆಗೆ ಬಂದ ಮುದುಕಿಯೊಬ್ಬಳು ಹೊಕ್ಕುಳ ಹುರಿ ಕೊಯ್ದಳು. ಬಂಡಿ ಹೊಡೆಯುವ ಸಾಬಣ್ಣ ಬೆನ್ನು ತಿರುಗಿಸಿ ಎತ್ತುಗಳ ಮೂಗುದಾರ ಹಿಡಿದು ನಿಂತಿದ್ದ. ಔಡಲೆಣ್ಣೆ ಇಲ್ಲ, ಬೆಲ್ಲದ ನೀರಿಲ್ಲ, ತೀರ್ಥ ಕೊಡಲು ಮನೆತನದ ಗುರು ಅಯ್ಯನವರಿಲ್ಲ. ಕೂಸು ಅಳುತ್ತಿತ್ತು, ಬೇರೇನೂ ತೋಚದೆ ಅತ್ತೆ ಮೊಲೆಗೆ ಹಚ್ಚಿದಳು. ತವರಿಗೆ ಬಂದ ಮೇಲೆ ಹಿರಿಯರು ಬೈದರು, ಅಯ್ಯನವರ ಕಾಲಿಗೆ ಬೀಳಿಸಿದರು. ಆದರೆ ಆ ಕೂಸು ಬಸವಂತರಾಯನಾಗಿ ಬೆಳೆಯಿತು. ‘ಒಮ್ಮಿ ತಪ್ಪಿ ಮಾಡಿದ್ದು ಛೊಲೊ ಆತು, ಮುಂದ ತಪ್ಪಿಲ್ದಂಗ ಅದನ್ನೇ ಮಾಡ್ದೆ’ ಎಂದು ಆಕೆ ಮುಂದಿನ ಹೆರಿಗೆಗಳನ್ನೆಲ್ಲ ಸುಲೇಪೇಟದಲ್ಲೇ, ಯಾರ ಕಣ್ಣಿಗೂ ಬೀಳದ ಹಾಗೆ, ಕೂಸನ್ನು ನೇರ ಮೊಲೆಗೆ ಹಚ್ಚಿಯೇ ದಾಟಿದಳು. ಎಲ್ಲವೂ ಬದುಕಿದವು. ಹಾಲಿನಿಂದ ಬದುಕಿದವೋ, ಹಣೆಬರಹದಿಂದಲೋ, ಬೇವಿನ ಗಿಡದಿಂದಲೋ ಎಂಬುದು ಮಾತ್ರ ಆಕೆಗೆ ಬಗೆಹರಿಯಲಿಲ್ಲ.

ನಮ್ಮ ಮನೆಯಲ್ಲಿ ಆ ಪ್ರಶ್ನೆ ಆಟದ ಮಾತಾಗಿ ಉಳಿಯದ ದಿನ ಬಂದಿತು. ನನ್ನ ಅಕ್ಕ ಲಲಿತಾಬಾಯಿಯನ್ನು ಚಿತ್ತಾಪುರಕ್ಕೆ ಕೊಟ್ಟಿತ್ತು. ಎರಡು ಸಲ ತವರಿಗೆ ಬಂದು ಹಡೆದಳು. ಎರಡು ಕೂಸೂ ತೊಟ್ಟಿಲಿಗೇರುವ ಮೊದಲೇ ಹೋದವು. ಮೂರನೆಯ ಬಸುರಿಯಲ್ಲಿ ದಿನ ತುಂಬುತ್ತಿರುವಾಗ ಬಂದವಳು ದಿನವೆಲ್ಲ ಗೋಡೆಗೊರಗಿ ಕುಳಿತಿರುತ್ತಿದ್ದಳು. ಈ ಸಲವೂ ಕೈ ಬರಿದಾದರೆ ಗಂಡನಿಗೆ ಇನ್ನೊಂದು ಮದುವೆ ಮಾಡುವುದಾಗಿ ಚಿತ್ತಾಪುರದವರು ಹೇಳಿ ಕಳಿಸಿದ್ದರು.

ನಮ್ಮವ್ವ ಮಹಾದೇವಮ್ಮ ಸಿದ್ಧತೆಯಲ್ಲಿ ಎಲ್ಲಿಯೂ ಕಡಿಮೆ ಮಾಡುವವಳಲ್ಲ. ಬಾಣಂತಿಯ ಕೋಣೆಯನ್ನು ಸಾರಿಸಿದಳು, ಕಿಟಕಿಯ ಸಂದಿಗೆಲ್ಲ ಅರಿವೆ ತುರುಕಿದಳು, ಹೊರಸಿನ ಹುರಿ ಬಿಗಿಸಿದಳು, ಕೆಂಡಕ್ಕೆ ಕುಳ್ಳು ಒಟ್ಟಿದಳು, ಬಾಣಂತಿಯ ಉಂಡೆಗೆ ಅಂಟು, ಕೊಬ್ಬರಿ, ಖಾರೀಕು ತರಿಸಿದಳು, ಹಳೆಯ ಸೀರೆಗಳ ಕೌದಿ ಹೊಲಿದಳು. ಕಾಲೇಜಿನ ರಜೆಗೆ ಹೈದರಾಬಾದಿನಿಂದ ಬಂದಿದ್ದ ನಾನು ಕುಳ್ಳು ಹೊತ್ತೆ. ಆ ಗಡಿಬಿಡಿಯ ನಡುವೆ ಅತ್ತೆ ಕೋಟು ತೊಟ್ಟು ಸುಲೇಪೇಟದಿಂದ ಬಂದಿಳಿದಳು. ಬಂದವಳು ನನ್ನನ್ನೇ ಮೊದಲು ಹಿಡಿದಳು.

‘ಹೈದರಾಬಾದನಾಗ ಓದಾಕತ್ತೀದಿ. ಅಲ್ಲಿ ಹಾಲಿನ ಸುದ್ದಿ ಏನರ ಕಲಸ್ತಾರೇನೋ?’

‘ಇಲ್ಲ ಅತ್ತೀ, ನಾ ತವಾರೀಖ್ ಓದ್ತೀನಿ. ಹಿಂದಿನ ರಾಜರ ಸುದ್ದಿ.’

‘ಆ ರಾಜರು ಹುಟ್ಟಿದ ದಿನ ಏನ್ ಕುಡಿದ್ರು?’

ನಾನು ನಕ್ಕೆ. ಆಕೆ ನಗಲಿಲ್ಲ; ನಿಜವಾಗಿಯೂ ತಿಳಿಯಬೇಕಾಗಿತ್ತು.

ಆಮೇಲೆ ಅಕ್ಕನ ಬದಿಗೆ ಹೋಗಿ ಕುಳಿತಳು. ಅಕ್ಕನಿಗೆ ‘ಹೆದರಬೇಡ’ ಎಂದು ಎಲ್ಲರೂ ಹೇಳಿದ್ದರು. ‘ಆ ಕೂಸುಗಳಿಗಿ ಮೊದಲ ಏನ್ ಕುಡಿಸಿದ್ರವ್ವ?’ ಎಂದು ಯಾರೂ ಕೇಳಿರಲಿಲ್ಲ. ಪಡಸಾಲೆಯಲ್ಲಿದ್ದ ನನಗೂ ಅಕ್ಕನ ತಗ್ಗಿದ ದನಿ ಕೇಳುತ್ತಿತ್ತು. ಔಡಲೆಣ್ಣೆಯಲ್ಲಿ ಅದ್ದಿದ ಬತ್ತಿ, ಬೆಲ್ಲದ ನೀರು. ಮೊದಲ ಹಾಲು ಕೆಟ್ಟದ್ದೆಂದು ಹಿಂಡಿ ಚೆಲ್ಲಿದರು. ಕೊಡ್ಲಿಯ ಅಯ್ಯನವರು ಬಂದು ತೀರ್ಥ ಕೊಡುವತನಕ ಮೊಲೆ ಕೊಡಬಾರದೆಂದು ಕಾದರು. ಅವರು ಬರುವಷ್ಟರಲ್ಲಿ ಎದೆ ಕಲ್ಲಾಗಿ ಜ್ವರ ಬಂದಿತ್ತು. ಕೂಸಿಗೆ ಬಾಯಿ ತೆರೆಯುವ ತ್ರಾಣವಿರಲಿಲ್ಲ. ‘ಅದು ನನ್ನ ಮುಖಾನೇ ನೋಡ್ತಿತ್ತು ಅತ್ತೀ’ ಎಂದು ಅಕ್ಕ ಅಂದಳು.

ಮರುದಿನ ಅಡುಗೆಮನೆಯಲ್ಲಿ ಅತ್ತೆಗೂ ಅವ್ವನಿಗೂ ಜಟಾಪಟಿ ನಡೆಯಿತು.

‘ಮಾದೇವಿ, ಎಮ್ಮಿ ಈದಾಗ ಗಿಣ್ಣದ ಹಾಲು ಮೊದಲ ಯಾರಿಗಿ ಬಿಡ್ತೀ?’

‘ಕರಕ್ಕ. ಕರ ಕುಡಿದ ಮ್ಯಾಲ ಓಣಿಗಿ ಹಂಚ್ತೀವಿ.’

‘ಕರಕ್ಕ ಬಿಡ್ಲಿಲ್ಲಂದ್ರ?’

‘ಸಾಯ್ತದ, ಮತ್ತೇನು!’ ಎಂದ ಅವ್ವನಿಗೆ ಮಾತು ಎತ್ತ ಹೊರಟಿದೆಯೆಂದು ಹೊಳೆದು ಸಿಟ್ಟು ಬಂತು. ‘ಅಕ್ಕಾ, ನನ್ನ ಮಗಳೇನು ಎಮ್ಮಿ ಅಂತ ತಿಳ್ದೀರೇನು?’

ಒಳಕೋಣೆಯಿಂದ ಅಕ್ಕನ ದನಿ ಬಂತು: ‘ಎಮ್ಮಿ ಆಗಿದ್ರ ಛೊಲೊ ಇತ್ತವ್ವ. ಅದರ ಕರ ಬದುಕ್ತಾವ.’

ಒಲೆಯ ಮೇಲಿನ ರೊಟ್ಟಿ ಕರಕಲಾಯಿತು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಗಟ್ಟಿಯಾಗಿ ಅಲ್ಲದಿದ್ದರೂ ಪಟ್ಟು ಬಿಡದೆ ಹೇಳಿದಳು: ‘ಅಯ್ಯಾರು ತೀರ್ಥ ಕೊಡದೇ ಮೊಲಿ ಕುಡಿಸಿದ್ರ, ಅವರ ಮಾತು ಮೀರಿದಂಗ ಆಗ್ತದ. ಎರಡು ಹೋಗ್ಯಾವ. ಮೂರನೇದಕ್ಕ ಗುರುವಿನ ಸಿಟ್ಟೂ ಹೊರಸಲೇನು ನಾ?’ ಆಕೆಯ ಹಟದ ಒಳಗೂ ಇದ್ದದ್ದು ಅಕ್ಕನ ಮೇಲಿನ ಜೀವವೇ ಎಂಬುದು ಆಗ ನನಗೆ ಹೊಳೆಯಿತು. ಅತ್ತೆಗೂ ಹೊಳೆದಿರಬೇಕು, ವಾದ ಮುಂದುವರಿಸದೆ ಕೋಟಿನ ಗುಂಡಿ ಹಾಕಿಕೊಂಡಳು. ‘ಅವರ ಮಾತು ಅಂದ್ರ ಅವರನ್ನೇ ಕೇಳಬೇಕಲ್ಲ! ಬಂಡಿ ಕಟ್ಟಸೋ ತಮ್ಮಾ.’

ಕೊಡ್ಲಿಯಲ್ಲಿ ರೇವಣಸಿದ್ದಯ್ಯನವರು ಜಗಲಿಯ ಮೇಲೆ ಕುಳಿತು ಜೋಳಿಗೆಗೆ ತೇಪೆ ಹಾಕುತ್ತಿದ್ದರು. ನಾವು ಅಡ್ಡಬಿದ್ದೆವು. ಅತ್ತೆ ಸುತ್ತುಬಳಸದೆ ಕೇಳಿದಳು: ‘ಅಯ್ಯಾರೇ, ನೀವು ಬರೋತನಕ ಕೂಸಿಗಿ ತಾಯಿ ಹಾಲು ಯಾಕ ಬ್ಯಾಡ?’

ಅಯ್ಯನವರು ಸೂಜಿ ನಿಲ್ಲಿಸಿದರು. ‘ಬ್ಯಾಡ ಅಂತ ಯಾರಂದ್ರು?’

‘ನೀವೇ ಅಂದೀರಂತಲ್ಲ.’

‘ನಾನೆಲ್ಲಿ ಅಂದೀನಿ? ನಮ್ಮಪ್ಪನೂ ಅಂದಿದ್ದು ನಾ ಕೇಳಿಲ್ಲ. ನೀವು ಹಡೆದ ಎಷ್ಟೋ ದಿನದ ಮ್ಯಾಲ ಹೇಳಿ ಕಳಸ್ತೀರಿ. ಬಾಣಂತಿ ನೀರು ಹಾಕ್ಕೊಂಡ ಮ್ಯಾಲ ಕರೆಯೋದು ನಿಮ್ಮ ಮನಿ ಪದ್ಧತಿ ಅಂತ ನಾ ಸುಮ್ಮನ ಕುಂದರ್ತೀನಿ. ನಮ್ಮಲ್ಲಿ ಹಡೆದ ಸೂತಕಾನೇ ಇಲ್ಲ, ಆವತ್ತೇ ಕರೆದ್ರ ಆವತ್ತೇ ಬರ್ತಿದ್ದೆ.’ ಆಮೇಲೆ, ಏನೋ ನೆನಪಾದಂತೆ ಅವರ ಮುಖ ಕಪ್ಪಿಟ್ಟಿತು. ‘ಆ ಕೂಸುಗಳು ನನಗಾಗಿ ಉಪಾಸ ಇದ್ದವೇನು?’

ಅತ್ತೆ ತಲೆಯಾಡಿಸಿದಳು. ಅಯ್ಯನವರು ನಮ್ಮ ಕರೆಯನ್ನು ಕಾಯುತ್ತಿದ್ದರು, ನಮ್ಮ ಮನೆ ಬಾಣಂತಿ ಶುಚಿಯಾಗದೆ ಗುರುವನ್ನು ಕರೆಯಬಾರದೆಂದು ಕಾಯುತ್ತಿತ್ತು. ಒಬ್ಬರಿಗೊಬ್ಬರು ಮರ್ಯಾದೆ ತೋರಿಸುತ್ತ, ಯಾರೂ ಯಾರನ್ನೂ ಕೇಳದೆ, ನಡುವೆ ಎರಡು ಜೀವ ಬತ್ತಿಹೋಗಿದ್ದವು.

‘ಯವ್ವಾ,’ ಎಂದರು ಅಯ್ಯನವರು ಜೋಳಿಗೆಯನ್ನು ಬದಿಗಿಟ್ಟು, ‘ಎಂಟನೇ ತಿಂಗಳದಾಗ ನಾನೇ ಬಂದು ನಿಮ್ಮ ಲಲಿತಾಗ, ಹೊಟ್ಟ್ಯಾಗಿನ ಕೂಸಿನ ಹೆಸರಲೆ, ಲಿಂಗ ಕಟ್ಟೀನಿ. ಅವತ್ತೇ ಅದು ನಮ್ಮದಾಗ್ಯದ. ತಾಯಿ ಉಂಡ ಪ್ರಸಾದ ಅದಕ್ಕ ಆಗಲೇ ಮುಟ್ಟ್ಯಾದ. ಇನ್ನ ತಾಯಿ ಮೈಯಾಗ ಬಂದ ಹಾಲಿಗಿ ನನ್ನ ಅಪ್ಪಣಿ ಯಾತಕ್ಕ?’

‘ಇದನ್ನ ಮಾದೇವಿಗಿ ನೀವೇ ಹೇಳ್ರಿ,’ ಎಂದಳು ಅತ್ತೆ. ‘ನಾ ಹೇಳಿದ್ರ ಎಮ್ಮಿ ಕತಿ ಆಗ್ತದ.’

ಅವರು ಅದೇ ಬಂಡಿಯಲ್ಲಿ ಬಂದರು. ಹೇಳಿ ಹೋಗಬಹುದಾಗಿತ್ತು; ಹೋಗಲಿಲ್ಲ. ಈ ಸಲ ತಾವೇ ಕಾಯುವುದಾಗಿ ಹೇಳಿ ನಮ್ಮ ಪಡಸಾಲೆಯಲ್ಲಿ ಬೀಡುಬಿಟ್ಟರು. ದಿನವೂ ಪೂಜೆ ಮುಗಿಸಿ ‘ಆಯ್ತೇನವ್ವ?’ ಎಂದು ಒಳಗೆ ಕೇಳುವುದು, ಅವ್ವ ‘ಇನ್ನೂ ಇಲ್ಲರಿ, ಪ್ರಸಾದಕ್ಕ ಏಳ್ರಿ’ ಎನ್ನುವುದು ನಡೆಯಿತು. ಗುರುವಿಗಾಗಿ ಹೋಳಿಗೆ ತಟ್ಟಿ ತಟ್ಟಿ ಅವ್ವನ ಭಕ್ತಿಯೂ ಸುಸ್ತಾಯಿತು. ಅತ್ತೆ ಮಾತ್ರ ಅಕ್ಕನ ಬಳಿ ಕುಳಿತು ಎದೆಗೆ ತುಪ್ಪ ಸವರಿಸುತ್ತ, ಕೌದಿ ಸುತ್ತಿದ ಒನಕೆಯನ್ನು ತೊಡೆಯ ಮೇಲಿಟ್ಟು ಕೂಸನ್ನು ಎತ್ತಿಕೊಳ್ಳುವ ಬಗೆಯನ್ನು ಅವಳೊಂದಿಗೆ ಆಡಿ ನೋಡುತ್ತಿದ್ದಳು. ಒನಕೆಯನ್ನು ಅತ್ತೆ ‘ಏ ಗುಂಡಪ್ಪಾ’ ಎಂದು ಕರೆದಾಗ ಅಕ್ಕ ನಕ್ಕಳು. ಆ ಮನೆಯಲ್ಲಿ ಅವಳ ನಗು ಕೇಳಿ ಎಷ್ಟು ಕಾಲವಾಗಿತ್ತೋ.

ಒಂದು ಬೆಳಿಗ್ಗೆ ಹೆರಿಗೆಯಾಯಿತು, ಹೆಣ್ಣು. ಅಯ್ಯನವರು ಬಾಗಿಲಲ್ಲೇ ತೀರ್ಥ ಕೊಟ್ಟು ಕೂಸಿನ ಹಣೆಗೆ ವಿಭೂತಿ ಹಚ್ಚಿದರು. ಸೂಲಗಿತ್ತಿ ಇಮಾಮ್ಬೀ ಅದನ್ನು ಅಕ್ಕನ ಎದೆಗೆ ಇಟ್ಟಳು. ಕೂಸು ಹಿಡಿಯಲಿಲ್ಲ. ಅತ್ತಿತು, ತಲೆ ತಿರುಗಿಸಿತು, ಮತ್ತೆ ಅತ್ತಿತು. ಹೊರಗೆ ನಾನು ಮತ್ತು ಅಯ್ಯನವರು ಒಬ್ಬರ ಮುಖ ಒಬ್ಬರು ನೋಡದೆ ಕುಳಿತೆವು. ‘ನನ್ನ ಕೈಲಿ ಆಗಂಗಿಲ್ಲ ಅತ್ತೀ’ ಎಂದು ಅಕ್ಕ ಅಳತೊಡಗಿದಳು. ‘ಇಮಾಮ್ಬೀ, ಯಾಕ ಹಿಡೀವಲ್ದು? ಹ್ಯಾಂಗ ಮಾಡಬೇಕು?’ ಎಂಬ ಅತ್ತೆಯ ದನಿಯಲ್ಲಿ ಮೊದಲ ಬಾರಿಗೆ ಕುತೂಹಲವಿರಲಿಲ್ಲ, ಭಯವಿತ್ತು. ಆಗ ಅಷ್ಟು ಹೊತ್ತೂ ಬಾಗಿಲಿಗೊರಗಿ ನಿಂತಿದ್ದ ಅವ್ವ, ‘ಸರೀರಿ ಅಕ್ಕಾ, ಬರೇ ಕೇಳ್ಕೋತ ಕುಂತ್ರ ಹೊಟ್ಟಿ ತುಂಬತದೇನು!’ ಎಂದು ಒಳಗೆ ನುಗ್ಗಿದಳು.

ಅಳು ನಿಂತಿತು. ಮನೆಯೆಲ್ಲ ಕಿವಿಯಾಯಿತು.

‘ಹಿಡೀತು,’ ಎಂದಳು ಅವ್ವ.

ಸ್ವಲ್ಪ ಹೊತ್ತಿಗೆ ಅತ್ತೆ ಹೊರಗೆ ಬಂದು ಮೆಟ್ಟಿಲ ಮೇಲೆ ಕುಸಿದಳು. ಕೋಟಿನ ಜೇಬಿನಿಂದ ಮೆತ್ತನೆಯ ಅರಿವೆ ತೆಗೆದು ಮುಖ ಒರೆಸಿಕೊಂಡಳು. ಗೆದ್ದವಳ ಮುಖವಲ್ಲ ಅದು, ಏನನ್ನೋ ಕಳೆದುಕೊಂಡವಳದು. ‘ಮಾದೇವಿ ಕೂಸಿನ ಗದ್ದ ಹಿಡಿದು ಏನೋ ಮಾಡಿದ್ಲು. ನಾ ನೋಡ್ಲೇ ಇಲ್ಲ. ಕಣ್ಣೀರು ಅಡ್ಡ ಬಂತು,’ ಎಂದಳು.

ಕೂಸು ಬದುಕಿತು, ಅಕ್ಕನ ತೊಟ್ಟಿಲು ತುಂಬಿತು, ಚಿತ್ತಾಪುರದವರು ಕುಲಾವಿ ತಂದರು. ನಾಮಕರಣದ ದಿನ ಓಣಿಯ ಹೆಂಗಸರು ‘ನಿನ್ನ ಮಾತು ಖರೇ ಆತಲ್ಲ ನೀಲವ್ವ’ ಎಂದರೆ, ಆಕೆ ತಲೆ ವಾಲಿಸಿ, ‘ಹಾಲಿನಿಂದ ಬದುಕ್ತೋ, ಈ ಸಲ ಲಲಿತಾ ನಕ್ಕಿದ್ಲಲ್ಲ, ಅದರಿಂದ ಬದುಕ್ತೋ? ಒಂದರಿಂದ ಹ್ಯಾಂಗ ತಿಳೀತದ? ನಿಮ್ಮ ಸೊಸಿಗಿ ದಿನ ಎಂದು?’ ಎಂದು ಅವರನ್ನೇ ಕೇಳಿದಳು.

ಅನಂತರ ನಾನು ಓದಿದೆ, ನೌಕರಿ ಹಿಡಿದೆ, ತಿಳಿದವರೆನಿಸಿಕೊಂಡ ಹಲವರ ನಡುವೆ ಬಾಳಿದೆ. ದುಃಖ ಬಂದಾಗ ಪ್ರಶ್ನೆ ಕೇಳುವುದು ಮನುಷ್ಯ ಸ್ವಭಾವ; ಅದಕ್ಕೆ ಯಾರೂ ಕಲಿಸಬೇಕಾಗಿಲ್ಲ. ಸುಖವನ್ನು ಮಾತ್ರ ನಾವು ನಮ್ಮ ಪುಣ್ಯದ ಫಲವೆಂದು ಬಾಯಿಮುಚ್ಚಿ ಒಳಗಿಟ್ಟುಕೊಳ್ಳುತ್ತೇವೆ, ಕೇಳಿದರೆ ಎಲ್ಲಿ ಹೋದೀತೋ ಎಂದು ಅಂಜುತ್ತೇವೆ. ತನಗೆ ಒದಗಿದ ಒಳಿತಿನ ಮುಂದೆಯೂ ನಿಂತು ‘ಇದು ನನಗೆ ಯಾಕೆ ಬಂತು, ಆ ಮನೆಗೆ ಯಾಕೆ ಬರಲಿಲ್ಲ’ ಎಂದು ಕೇಳುವವರು ಅಪರೂಪ. ಅಂಥವರಿಗೆ ಉತ್ತರ ಸಿಕ್ಕೇ ತೀರುತ್ತದೆಂದೇನೂ ಇಲ್ಲ. ಆದರೆ ಅವರು ಉತ್ತರ ಹುಡುಕುತ್ತ ನಡೆದ ದಾರಿಯ ಮನೆಗಳಲ್ಲಿ ಎಲ್ಲಿಯೋ ಒಂದು ತೊಟ್ಟಿಲು ತೂಗುತ್ತಿರುತ್ತದೆ. ಅವರು ಮಾತ್ರ, ಕೋಟಿನ ಗುಂಡಿ ಹಾಕಿಕೊಂಡು, ಆಗಲೇ ಮುಂದಿನ ಮನೆಯ ಹೊಸ್ತಿಲಲ್ಲಿ ನಿಂತಿರುತ್ತಾರೆ.