ನೀಲಮ್ಮನ ರಂಗೋಲಿ

ಗೋವಿಂದರಾಜನಗರದ ಆ ವಠಾರದಲ್ಲಿ ನೀಲಮ್ಮನ ರಂಗೋಲಿಯೆಂದರೆ ಹೆಸರುವಾಸಿ. ಹಾಕುತ್ತಿದ್ದವನು ಮಾತ್ರ ಅವಳ ಗಂಡ ಪಂಚಾಕ್ಷರಿ. ನೀಲಮ್ಮ ಕಾರ್ಖಾನೆಯ ಮೊದಲ ಪಾಳಿಗೆ ಕತ್ತಲಲ್ಲೇ ಬಸ್ಸು ಹಿಡಿಯಬೇಕು. ಅವಳು ಜಡೆ ಹಾಕಿಕೊಳ್ಳುವಷ್ಟರಲ್ಲಿ ಇವನು ಬಾಗಿಲ ಮುಂದೆ ನೀರು ಚಿಮುಕಿಸಿ, ಎಳೆ ಎಳೆದು, ಯಾರೂ ಏಳುವ ಮುನ್ನ ಒಳಗೆ ಸೇರಿ ಕೈ ತೊಳೆದುಬಿಡುತ್ತಿದ್ದ. ಚಿಕ್ಕಂದಿನಲ್ಲಿ ಅವ್ವನ ಪಕ್ಕ ಕೂತು ಕಲಿತ ವಿದ್ಯೆ ಅದು. ಅಪ್ಪ ಕಂಡು, ಹೆಣ್ಣಿಗ ಎಂದು ಬೈದು ಬೆರಳಿಗೆ ಬಾರಿಸಿದ್ದ. ಬೆರಳು ವಿದ್ಯೆಯನ್ನೂ ಮರೆಯಲಿಲ್ಲ, ಏಟನ್ನೂ ಮರೆಯಲಿಲ್ಲ.

ಹಗಲಿನ ಪಂಚಾಕ್ಷರಿಯೇ ಬೇರೆ. ಎದುರುಮನೆಯ ಜಗನ್ನಾಥ ಹೆಂಡತಿಯ ಸೀರೆ ಒಣಹಾಕಿದರೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಅವನೇ. "ಕುಂಕುಮಾನೂ ಇಟ್ಕೋ ಗುರು." ನಾಲ್ಕು ಜನರ ಬಾಯಿಗೆ ಬೀಳಬಾರದೆಂದು ತಾನೇ ಆ ನಾಲ್ಕು ಜನರಲ್ಲಿ ಒಬ್ಬನಾಗಿದ್ದ.

ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ದಿನ, ವಠಾರದಲ್ಲಿ ಬಾವುಟ ಹಾರಿಸುವ ಏರ್ಪಾಡಾಯಿತು. ಒಡತಿ ವಿಮಲಮ್ಮ ಸಾರಿಸಿದ ಅಂಗಳದಲ್ಲಿ ಎಲ್ಲರೆದುರು ರಂಗೋಲಿ ಪುಡಿಯ ಬಟ್ಟಲನ್ನು ನೀಲಮ್ಮನ ಕೈಗಿಟ್ಟರು. "ಗಂಡಭೇರುಂಡ ಬಿಡಮ್ಮ. ನಿನ್ನ ಬಿಟ್ರೆ ಇನ್ಯಾರ ಕೈಲಾಗುತ್ತೆ?"

ನೀಲಮ್ಮನ ಮೊದಲ ಗೆರೆಯೇ ಹಾವಿನಂತೆ ಹೊರಳಿತು.

"ದಿನಾ ಹಾಕೋಳು ನೀನೇ ತಾನೆ?" ಎಂದರು ವಿಮಲಮ್ಮ.

"ಯಾರ ಹತ್ರ ಹಾಕಿಸ್ಕೋತಿದ್ಲೋ," ಎಂದು ಹಿಂದಿನಿಂದ ಯಾರೋ ಕಿಸಕ್ಕೆಂದರು.

ನೀಲಮ್ಮ ಒಮ್ಮೆ ಗಂಡನತ್ತ ನೋಡಿ, ಗುಟ್ಟು ಬಿಡದೆ ತಲೆ ತಗ್ಗಿಸಿದಳು. ಅವಳು ಬಾಯಿಬಿಟ್ಟಿದ್ದರೆ ಅವನು ಇಲ್ಲವೆಂದು ಸಾಧಿಸುತ್ತಿದ್ದನೇನೋ. ಆ ಮೌನವನ್ನು ತಡೆಯಲಾಗಲಿಲ್ಲ. ಪಂಚೆ ಎತ್ತಿಕಟ್ಟಿ ಅಂಗಳಕ್ಕಿಳಿದ.

"ಕೊಡು ಇಲ್ಲಿ. ದಿನಾ ಹಾಕೋನು ನಾನೇ, ವಿಮಲಮ್ನೋರೆ."

ಗಂಡಸರ ಗುಂಪಿನಿಂದ ಸಿಳ್ಳೆ ಬಂತು. "ಬಳೆ ತರ್ಲಾ ಮಗಾ?"

ಹಳೆಯ ಏಟು ಬೆರಳಲ್ಲಿ ಚುರುಗುಟ್ಟಿತು. ಆದರೆ ಪುಡಿ ಜಾರತೊಡಗಿದ್ದೇ ಎಳೆ ತಾನಾಗಿ ನಡೆಯಿತು: ರೆಕ್ಕೆ ಬಿಚ್ಚಿತು, ಕತ್ತು ಬಳುಕಿತು, ಎರಡು ಕೊಕ್ಕು ಎರಡು ದಿಕ್ಕಿಗೆ ತೆರೆದವು. ಹಗಲಲ್ಲಿ ತನ್ನ ಎಳೆ ಇಷ್ಟು ಬೆಳ್ಳಗಿರುತ್ತದೆಂದು ಅವನಿಗೇ ಗೊತ್ತಿರಲಿಲ್ಲ.

"ಸಿಳ್ಳೆ ನಿಲ್ಸ್ರೋ, ಎಳೆ ಕದಲುತ್ತೆ," ಎಂದರು ವಿಮಲಮ್ಮ. ಅಷ್ಟರಲ್ಲಿ ಅದು ನಿಂತೇಹೋಗಿತ್ತು.

ಜಗನ್ನಾಥ ಬಂದು ಪಕ್ಕದಲ್ಲಿ ಕುಕ್ಕರಿಸಿದ. "ಅರಿಶಿನ ತಂದಿದೀನಿ. ಕುಂಕುಮಾನೂ ತಂದಿದೀನಿ ಗುರು."

ಪಂಚಾಕ್ಷರಿ ತಲೆ ಎತ್ತದೆ ಜಾಗ ಬಿಟ್ಟುಕೊಟ್ಟ. "ನೀನೇ ತುಂಬು."

ಮಾರನೆಯ ದಿನ ನೀಲಮ್ಮನ ಬಸ್ಸು ಎಂದಿನಂತೆ ಕತ್ತಲಲ್ಲೇ ಹೊರಟಿತು. ಪಂಚಾಕ್ಷರಿ ನಿಧಾನವಾಗಿ ಕಾಫಿ ಕುಡಿದು, ಅಂಗಳಕ್ಕೆ ಬಿಸಿಲು ಬಂದ ಮೇಲೆ ಬಟ್ಟಲು ಹಿಡಿದು ಹೊರಬಂದ. ಎದುರು ಬಾಗಿಲಲ್ಲಿ ಜಗನ್ನಾಥ ಆಗಲೇ ಕೂತು ಸೊಟ್ಟಸೊಟ್ಟ ಗೆರೆ ಎಳೆಯುತ್ತಿದ್ದ.

"ಮೊದಲು ಚುಕ್ಕಿ ಇಡೋ ಮಗಾ," ಎಂದು ಪಂಚಾಕ್ಷರಿ ಇಡೀ ವಠಾರಕ್ಕೆ ಕೇಳುವಂತೆ ಕೂಗಿದ.