ಊರಿಗೆಲ್ಲ ಹಂಚಿದ ಪುಸ್ತಕ

ಇಮೇಲನ್ನು ಮೂರನೇ ಸಲ ಓದಿದರೂ ಅದರಲ್ಲಿದ್ದದ್ದು ಬದಲಾಗಲಿಲ್ಲ. ಹೇಮಶ್ರೀಯ ಇ-ಪುಸ್ತಕವನ್ನು ಜರ್ಮನಿಯ ಮಾರಾಟದ ತಾಣ ತೆಗೆದುಹಾಕಿತ್ತು. ನಮ್ಮಲ್ಲಿ ಮಾತ್ರ ಮಾರುವ ಕರಾರಿಗೆ ಒಪ್ಪಿ, ಬೇರೆ ಕಡೆ ಪುಕ್ಕಟೆ ಬಿಟ್ಟಿದ್ದೀರಿ, ಇನ್ನು ನಿಮ್ಮ ಯಾವ ಪುಸ್ತಕವನ್ನೂ ತೆಗೆದುಕೊಳ್ಳುವುದಿಲ್ಲ ಎಂದು ಬರೆದಿದ್ದರು. ಜೊತೆಗಿದ್ದ ಲಿಂಕ್ ಒತ್ತಿದರೆ, ಅವಳು ಅಪ್ಪನ ಮೊಬೈಲಿಗೆ ಕಳಿಸಿದ್ದ ಫೈಲೇ ತೆರೆದುಕೊಂಡಿತು.

ಹತ್ತು ವರ್ಷದಿಂದ ಕ್ಯಾತನಹಳ್ಳಿಯಿಂದ ಶ್ರೀರಂಗಪಟ್ಟಣಕ್ಕೆ ಬಸ್ಸು ಹತ್ತಿ, ಜರ್ಮನ್ ಪ್ರವಾಸಿಗರಿಗೆ ಗೈಡಾಗಿದ್ದವಳು ಅವಳು. ಕೋಟೆಯ ಬಿಸಿಲಲ್ಲಿ ಅವರು ಕೇಳಿದ್ದನ್ನೆಲ್ಲ ಕೂಡಿಟ್ಟು, ಅವರದೇ ಭಾಷೆಯಲ್ಲಿ ಮೂರು ವರ್ಷ ಕೂತು ಬರೆದಿದ್ದಳು. ಪ್ರಕಾಶಕರು ಯಾರೂ ಮೂಸಿ ನೋಡಲಿಲ್ಲ. ತಾನೇ ಪ್ರಕಟಿಸಿದಳು. ಗುರುತು ಪರಿಚಯವಿಲ್ಲದವರು ಕೊಂಡು ಓದಿ, ಎರಡನೆಯದು ಯಾವಾಗ ಎಂದು ಕೇಳಿದ್ದರು. ಎರಡನೆಯದು ಅರ್ಧ ಮುಗಿದಿತ್ತು.

"ಅಪ್ಪ, ನೋಡಕ್ಕೆ ಅಂತ ಕಳ್ಸಿದ್ನಲ್ಲ ಪುಸ್ತಕ, ಯಾರಿಗ್ ಕೊಟ್ಟೆ?"

ಹಸುವಿನ ಮೈ ತೊಳೆಯುತ್ತಿದ್ದ ಜವರಯ್ಯನ ಮುಖ ಅರಳಿತು. "ಯಾರಿಗ್ ಕೊಟ್ಟಿಲ್ಲ ಕೇಳು! ಡೇರಿ ಗ್ರೂಪು, ನೆಂಟ್ರ ಗ್ರೂಪು, ಕಬ್ಬಿನೋರ ಗ್ರೂಪು, ಎಲ್ಲಾಕೂ ಆಕ್ಬುಟ್ಟೆ. ಮುನ್ನೂರು ಜನ ಕೈ ಮುಗ್ದವ್ರೆ ಕಣವ್ವ."

"ಅದ್ನ ಯಾವನೋ ಪುಣ್ಯಾತ್ಮ ಇಂಟರ್ನೆಟ್ಟಲ್ಲಿ ಬಿಟ್ಟಿ ಇಟ್ಟವ್ನೆ. ನನ್ ಪುಸ್ತಕಾನೇ ತೆಗ್ದಾಕ್ಬುಟ್ರು!"

ಜವರಯ್ಯನಿಗೆ ತನ್ನ ತಪ್ಪೇನೆಂದೇ ಹೊಳೆಯಲಿಲ್ಲ. "ಅಸ ಈದ್ರೆ ಗಿಣ್ಣ ನಾವೇ ತಿನ್ಕಂಡ್ ಕೂತ್ಕತೀವಾ? ನಾಕ್ ಮನೆಗೆ ಕೊಡದ್ ಬ್ಯಾಡ್ವಾ?"

ಅವಳಿಗೆ ರೇಗಿಹೋಯಿತು. ಬೈದರೆ ಯಾರನ್ನು ಬೈಯುವುದು? ಸಿಕ್ಕಿದ ಮುನ್ನೂರು ಜನರಲ್ಲಿ ಒಬ್ಬರಿಗೂ ಜರ್ಮನ್ ಬಾರದು. ಬರುವವರಿಗೆ ಇನ್ನು ಪುಸ್ತಕ ಸಿಗದು. ಅಪ್ಪ ಸಂತೋಷಕ್ಕೆ ಹಂಚಿದರು ಎನ್ನುವುದನ್ನು ಜರ್ಮನ್‌ನಲ್ಲಿ ನಾಲ್ಕು ಬಗೆಯಾಗಿ ಬರೆದು ನೋಡಿದಳು. ನಾಲ್ಕೂ ಕಳ್ಳನ ತಪ್ಪೊಪ್ಪಿಗೆಯ ಹಾಗೆ ಕಂಡವು. ಆದರೂ ಒಂದನ್ನು ತಾಣಕ್ಕೆ ಕಳಿಸಿದಳು. ಯಾವ ಮನುಷ್ಯನೂ ಓದಿರಲಾರದಷ್ಟು ಬೇಗ ಉತ್ತರ ಬಂತು: ನಿರ್ಧಾರ ಅಂತಿಮ.

ಪಕ್ಕದ ಮನೆಯ ಜಯಲಕ್ಷ್ಮಮ್ಮ ಬಂದದ್ದು ಆಗಲೇ. ಕಂಕುಳಲ್ಲಿದ್ದ ದಪ್ಪ ಪುಸ್ತಕವನ್ನು ಮುಂದಿಟ್ಟಳು. ಫೈಲನ್ನು ಪಾಂಡವಪುರದ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಸ್ಪೈರಲ್ ಬೈಂಡು ಮಾಡಿಸಿ, ಮೇಲೆ ಅರಿಶಿನ ಕುಂಕುಮ ಹಚ್ಚಿದ್ದಳು.

"ಮೊಬೈಲಲ್ಲಿ ಏನ್ ಕಾಣ್ತದೆ ಬುಡು. ನಮ್ಮೂರ್ ಎಣ್ಮಗ ಬರ್ದಿರದು, ಮನೇಲಿರ್ಲಿ ಅಂತ ಮಾಡಿಸ್ದೆ. ಒಂದ್ ಸಯಿ ಆಕ್ಕೊಡವ್ವ."

ಹೇಮಶ್ರೀ ತನ್ನ ಪುಸ್ತಕವನ್ನು ಕಾಗದದ ಮೇಲೆ ನೋಡಿದ್ದು ಅದೇ ಮೊದಲು. ಸಿಟ್ಟೇನೂ ಇಳಿಯಲಿಲ್ಲ. ಆದರೂ ಪೆನ್ನು ತೆಗೆದುಕೊಂಡು, ಎಲ್ಲಿ ಹಾಕಲಿ ಎಂದಳು.

ಜಯಲಕ್ಷ್ಮಮ್ಮ ಹಾಳೆ ತಿರುವಿ ಬೆರಳಿಟ್ಟಳು. "ಈ ಸಾಲಿನ್ ಕೆಳ್ಗೆ ಜಾಗ ಐತಲ್ಲ, ಇಲ್ಲಾಕು."

ಆ ಸಾಲು ಹೇಮಶ್ರೀಯೇ ಜರ್ಮನ್‌ನಲ್ಲಿ ಬರೆದದ್ದು: ಲೇಖಕಿಯ ಒಪ್ಪಿಗೆಯಿಲ್ಲದೆ ಇದರ ಯಾವ ಭಾಗವನ್ನೂ ನಕಲು ಮಾಡುವಂತಿಲ್ಲ. ಅದರ ಕೆಳಗೆ ಅವಳು ಕನ್ನಡದಲ್ಲಿ ಸಹಿ ಹಾಕಿದಳು. ಜಯಲಕ್ಷ್ಮಮ್ಮ ಬಗ್ಗಿ, ಶಾಯಿ ಒಣಗಲೆಂದು ಮೆಲ್ಲಗೆ ಊದಿದಳು.