ವಲಾಂಡಿ ರಸ್ತೆಯ ಖಡಿ

ವೈಜನಾಥ ಸರ್ ಸಾವಿನ ಮನೆಯ ಅಂಗಳದಲ್ಲಿ ನಿಂತು ಚಪ್ಪಲಿ ಜೋಡಿಗಳನ್ನು ಎಣಿಸುತ್ತಿದ್ದರು. ನೂರಾ ನಲವತ್ತಕ್ಕೆ ಬಂದಾಗ ಮನ್ಮಥಪ್ಪನ ದೇಹವನ್ನು ಹೊರತಂದರು, ಎಣಿಕೆ ತಪ್ಪಿತು. ಆರು ವರ್ಷದ ಹಿಂದೆ ವೈಜನಾಥರ ನಿವೃತ್ತಿ ಸಮಾರಂಭಕ್ಕೆ ಬಂದವರು ಅರವತ್ತೆರಡು ಮಂದಿ.

೨೦೧೬ರ ಮೇ. ಬರಕ್ಕೆ ನಿಲಂಗಾ ಊರಿನ ನಳಗಳಲ್ಲಿ ನೀರು ಬಂದು ವಾರಗಳಾಗಿದ್ದವು. ಸತ್ತವನ ಸ್ನಾನಕ್ಕೆ ಓಣಿಯವರೇ ಮನೆಗೊಂದು ತಂಬಿಗೆ ತಂದಿದ್ದರು.

ಮನ್ಮಥಪ್ಪ ಮಾರ್ಕೆಟಿನ ಕಿರಾಣಿ ಅಂಗಡಿಯವನು, ವೈಜನಾಥರ ವಾರಿಗೆಯವನು. ವೈಜನಾಥರು ಮೂವತ್ತಾರು ವರ್ಷ ಎಂ.ಕಾಂ. ತರಗತಿಗೆ ಮ್ಯಾನೇಜ್‌ಮೆಂಟ್ ಅಕೌಂಟಿಂಗ್ ಕಲಿಸಿದವರು. ತಾಸು ಮುಗಿದ ಮೇಲೆ ಅವರ ವಿದ್ಯಾರ್ಥಿಗಳು ಬೆಲ್ಲ ಕೊಳ್ಳುವ ನೆಪದಲ್ಲಿ ಮನ್ಮಥಪ್ಪನ ಅಂಗಡಿಗೆ ಹೋಗಿ, ತಿಳಿಯದ್ದನ್ನು ತಿಳಿದುಕೊಂಡು ಬರುತ್ತಿದ್ದರು. ವೈಜನಾಥರಿಗೆ ಇದು ಗೊತ್ತಿತ್ತು.

“ನಾ ಎರಡ ಸಲ ಫೇಲ್ ಆಗಿದ್ದೆ,” ಉಮರ್ಗಾದ ಬ್ಯಾಂಕಿನಲ್ಲಿರುವ ಸುಗಂಧಾ ಹಳೆಯ ಸಹಪಾಠಿ ನಾಗಣ್ಣನಿಗೆ ಹೇಳುತ್ತಿದ್ದಳು. “ಮಾಮಾ ತಕ್ಕಡಿ ಕೆಳಗಿಟ್ಟು ಅರ್ಧಾ ತಾಸಿನ್ಯಾಗ ಸಮಜಾಯಿಸಿದ್ರು.”

“ಬೆಲ್ಲಾ ತಗೊಂಡಿದ್ದೇನ?”

“ದಿನಾ ಪಾವ್ ಕಿಲೋ. ಮನ್ಯಾಗ ಇರಿವಿ ಆಗ್ಯಾವಂತ ಅವ್ವ ಬೈತಿದ್ದಳು.”

ಇಬ್ಬರೂ ನಕ್ಕರು. ಸರ್ ಅವರನ್ನು ಕಂಡು ಸುಮ್ಮನಾದರು.

ಸ್ಮಶಾನದಲ್ಲಿ ಮನ್ಮಥಪ್ಪನ ಮಗ ಶಾಂತವೀರಪ್ಪ ಹತ್ತಿರ ಬಂದ. “ಸರ್, ಕುಣಿಗಿ ಇಳಿಸೂ ಮೊದಲ ಎರಡ ಮಾತ ಹೇಳ್ರಿ. ಶ್ರದ್ಧಾಂಜಲಿ ನೀವೇ ಕೊಡಬೇಕು.”

ಹೇಳಬೇಕಾದ ಮಾತು ಒಂದಿತ್ತು. ವೈಜನಾಥರು ಅದನ್ನು ನಲವತ್ಮೂರು ವರ್ಷ ಯಾರಿಗೂ ಹೇಳಿರಲಿಲ್ಲ.

*

೧೯೭೩ರ ಬರ. ಔರಂಗಾಬಾದದಲ್ಲಿ ಎಂ.ಕಾಂ. ಓದುತ್ತಿದ್ದ ಗೆಳೆಯರಿಬ್ಬರೂ ರಜೆಯಲ್ಲಿ ವಲಾಂಡಿ ರಸ್ತೆಯ ಬರಗಾಲದ ಕಾಮಗಾರಿಯಲ್ಲಿ ಹಾಜರಿ ಬರೆಯುತ್ತಿದ್ದರು. ಹೆಂಗಸರು ಕಲ್ಲು ಒಡೆದು ಖಡಿ, ಅಂದರೆ ಜಲ್ಲಿ, ಮಾಡಿ ಗುಂಪೆ ಹಾಕುತ್ತಿದ್ದರು; ಕೆಲಸ ಮಾಡಿಸುವ ಮುಕಾದಮ ಡೇರೆಯಲ್ಲಿ ಕೂಡುತ್ತಿದ್ದ. ವೈಜನಾಥನ ತೊಡೆಯ ಮೇಲಿನ ಅಕೌಂಟಿಂಗ್ ಪುಸ್ತಕ ಎರಡನೆಯ ಅಧ್ಯಾಯ ದಾಟುತ್ತಿರಲಿಲ್ಲ.

“ವೈಜ್ಯಾ, ಪುಸ್ತಕ ಮುಚ್ಚು,” ಎಂದ ಮನ್ಮಥಪ್ಪ. “ಆ ಡೇರಾದ ಬಾಡಿಗಿ ನೋಡು. ಮುಕಾದಮನ ಪಗಾರ ನೋಡು. ಹತ್ತ ಮಂದಿ ಬಂದ್ರೂ ಅಷ್ಟೇ, ಸಾವಿರ ಮಂದಿ ಬಂದ್ರೂ ಅಷ್ಟೇ. ಖಡಿ ಒಡಿಯೋ ಕೂಲಿ ಹಂಗಲ್ಲ, ಗುಂಪಿ ಬೆಳದಂಗ ಬೆಳೀತದ. ಈಗ ಇನ್ನೊಂದ ಗುಂಪಿ ಬೇಕಂದ್ರ ಯಾವ ಖರ್ಚ ಹಿಡೀತಿ?”

“ಕೂಲಿ ಅಷ್ಟೇ. ಡೇರಾದ್ದು ಹಿಡಿಬಾರದು.”

“ಮಾರ್ಜಿನಲ್ ಕಾಸ್ಟ್ ಅಂದ್ರ ಅದೇ ನೋಡು. ಇಷ್ಟಕ್ಕ ಮುನ್ನೂರ ಪಾನದ ಪುಸ್ತಕ ಬರದಾರ, ಪುಣ್ಯಾತ್ಮರು.”

ವೈಜನಾಥನಿಗೆ ತಿಳಿಯಿತು. ತಿಳಿದ ಸಂತೋಷಕ್ಕಿಂತ, ಇವನಿಗೆ ಮೊದಲೇ ಹೇಗೆ ತಿಳಿಯಿತು ಎಂಬ ಉರಿ ಹೆಚ್ಚಾಗಿತ್ತು.

ಆ ವರ್ಷ ಮನ್ಮಥಪ್ಪನ ತಂದೆಗೆ ಲಕ್ವ ಹೊಡೆಯಿತು. ಮಗ ಪರೀಕ್ಷೆಗೆ ಕೂಡದೆ ಅಂಗಡಿಯಲ್ಲಿ ಕುಳಿತ. ವೈಜನಾಥ ಫಸ್ಟ್ ಕ್ಲಾಸಿನಲ್ಲಿ ಪಾಸಾದ. ಮುಂದೆ ಪ್ರತಿ ವರ್ಷ ಮೊದಲ ತಾಸಿಗೆ ವಲಾಂಡಿ ರಸ್ತೆಯ ಖಡಿಯ ಉದಾಹರಣೆಯನ್ನು ತನ್ನದೆಂದೇ ಹೇಳಿದ.

*

“ನಮ್ಮ ಅಪ್ಪಗ ಈ ವಿದ್ಯಾ ಕೊಟ್ಟಾವ್ರು ವೈಜನಾಥ ಸರ್,” ಶಾಂತವೀರಪ್ಪ ಮಂದಿಗೆ ಹೇಳಿದ. “ಯಾರರೆ ಹೊಗಳಿದ್ರ ಅಪ್ಪಾ ಅಂತಿದ್ರು, ಇದೆಲ್ಲಾ ಸರಂದು, ನಾ ಬರೇ ತೂಗಿ ಕೊಡಾಂವ.”

ಮನ್ಮಥಪ್ಪ ಕುಣಿಯ ಪಕ್ಕ, ಕೂಡಿಸಿ ಹೂಳುವ ಪದ್ಧತಿಯಂತೆ, ವಿಭೂತಿ ಹಚ್ಚಿಸಿಕೊಂಡು ಕುಳಿತಿದ್ದ. ಹೆಸರನ್ನು ಗೆಳೆಯನಿಗೆ ಬಿಟ್ಟುಕೊಡುವ ಈ ದೊಡ್ಡತನದಲ್ಲೂ ಅವನೇ ಮೊದಲಾಗಿದ್ದ. ವೈಜನಾಥರಿಗೆ ತಡೆಯಲಾಗಲಿಲ್ಲ.

“ಸುಳ್ಳದು. ನನಗ ಕಲಿಸಿದಾಂವ ಅಂವಾ. ವಲಾಂಡಿ ಖಡಿ ನಂದಲ್ಲ, ಅಂವಂದು. ನನಗೇನೂ ತಿಳೀತಿರಲಿಲ್ಲ.”

ನಾಗಣ್ಣ ಮಂದಿಯ ಕಡೆ ತಿರುಗಿ ಹೇಳಿದ: “ಇಷ್ಟ ದೊಡ್ಡ ಮನಷ್ಯಾ, ಎಷ್ಟ ತಗ್ಗಿ ಮಾತಾಡ್ತಾರ ನೋಡ್ರಿ.”

ಸುಗಂಧಾ ಬಾಗಿ ಅವರ ಕಾಲು ಮುಟ್ಟಿದಳು.

“ಖರೇ ಹೇಳ್ಲಕತ್ತೀನಿ,” ಎಂದರು ವೈಜನಾಥರು.

“ಹೌದ್ರಿ ಸರ್,” ಎಂದು ಶಾಂತವೀರಪ್ಪ ಕಣ್ಣೊರೆಸಿಕೊಂಡು ಅವರ ಮೊಣಕೈ ಹಿಡಿದ.

ಮತ್ತೊಮ್ಮೆ ಹೇಳಬಹುದಿತ್ತು. ಹೇಳಲಿಲ್ಲ.

ಮನ್ಮಥಪ್ಪನನ್ನು ಕುಣಿಗೆ ಇಳಿಸಿದರು. “ಮೊದಲ ಸರ್ ಮಣ್ಣ ಕೊಡ್ಲಿ,” ಎಂದು ಯಾರೋ ಅಂದರು. ಮಂದಿ ಎರಡೂ ಕಡೆ ಸರಿದು ದಾರಿ ಬಿಟ್ಟರು. ವೈಜನಾಥರು ಹಿಡಿ ಮಣ್ಣು ಎತ್ತಿಕೊಂಡು ಕುಣಿಯ ಅಂಚಿಗೆ ಬಂದು ನಿಂತರು. ಅವರ ಹಿಂದೆ ಮಗ, ತಮ್ಮಂದಿರು, ಅಷ್ಟೂ ವಿದ್ಯಾರ್ಥಿಗಳು ಮಣ್ಣಿನ ಮುಷ್ಟಿ ಬಿಗಿಹಿಡಿದು, ಅವರ ಕೈ ಬಿಚ್ಚುವುದನ್ನೇ ಕಾಯುತ್ತಿದ್ದರು. ಬಿಸಿಲು ನೆತ್ತಿಯ ಮೇಲಿತ್ತು.

ಇಷ್ಟು ಮಂದಿ ತಮಗಾಗಿ ಕಾದದ್ದು ಇದೇ ಮೊದಲು; ವೈಜನಾಥರು ಅವಸರ ಮಾಡಲಿಲ್ಲ.